ಓಣಿಯ ಕಡೆ ಹೊರಟ ಹನ್ನೆರಡು ಪಾದ

ಮೊಮ್ಮಕ್ಕಳೇ, ನೀವಿಬ್ಬರೂ ರಂಗೋಲಿ ಡಬ್ಬಿ ಹಿಡಿದು ಬಂದರೆ ಈಗಲೂ ನನಗೆ ಮೊದಲು ಸಿಟ್ಟೇ ಬರುತ್ತದೆ. ಯಾಕೆಂದು ನಿಮಗೆ ಗೊತ್ತು. ಆದರೂ ಬರೆದಿಡುತ್ತೇನೆ, ಮುಂದೆ ನೀವು ಮಕ್ಕಳಿಗೆ ಕಲಿಸುವಾಗ ನನ್ನ ಹಾಗೆ ಕಲಿಸಬೇಡಿ.

ಗೊಬ್ಬೂರಿನ ಶಾಲೆಯಲ್ಲಿ ನಾನು ಏಳನೆಯ ತರಗತಿವರೆಗೆ ಓದಿದೆ. ರಂಗೋಲಿ ಕಲಿತದ್ದು ಅವ್ವನ ಅಂಗಳದಲ್ಲಿ, ಅವ್ವ ಸೆಗಣಿ ಸಾರಿಸುತ್ತಿದ್ದಂತೆಯೇ ಅವಳ ಬೆನ್ನ ಹಿಂದೆ ಕೂತು. ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ಹೊಸ್ತಿಲ ಮುಂದೆ ಕೂರುವುದನ್ನು ಬಿಟ್ಟೆ. ಬಿಡು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ನಮ್ಮವರಲ್ಲಿ ಗಂಡ ಹೋದವಳೂ ವಿಭೂತಿ ಹಚ್ಚುತ್ತಾಳೆ, ಲಿಂಗಪೂಜೆ ಮಾಡುತ್ತಾಳೆ, ಭೇದವಿಲ್ಲ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಆದರೆ ಓಣಿಯಲ್ಲಿ ಒಬ್ಬರು ನಿಂತು ನೋಡಿದರೂ ನನ್ನ ಮೈ ಹಿಡಿಯಷ್ಟಾಗುತ್ತದೆ. ಕೈಕಟ್ಟಿ ಒಳಗೆ ಕೂರುವುದೇ ಸುಲಭವೆನ್ನಿಸಿತು. ಹಾಗೆಯೇ ಒಂಬತ್ತು ದೀಪಾವಳಿ ಕಳೆದವು.

ಹತ್ತನೆಯ ವರ್ಷದ್ದು ಆಳಂದದ ಈ ಹೊಸ ಮನೆಯಲ್ಲಿ ಮೊದಲ ಲಕ್ಷ್ಮೀಪೂಜೆ. ಹಿಂದಿನ ದಿನ ಸೂಟಿ, ಮರುದಿನ ಸೂಟಿ, ನಡುವಿನ ಅಮಾವಾಸ್ಯೆಗೆ ಮಾತ್ರ ಸೂಟಿಯಿಲ್ಲ. ಕಡಗಂಚಿಗೆ ನೌಕರಿಗೆ ಹೊರಟ ನಿಮ್ಮ ಅವ್ವ ಬಾಗಿಲಲ್ಲಿ ನಿಂತು ಹೇಳಿದಳು: "ದೀಪ ಹಚ್ಚೂದ್ರಾಗ ಬರ್ತೇನ್ರಿ ಅತ್ತಿ. ಹುಡುಗೀರ ಕೈಲೆ ಪಾದ ಹಾಕಸ್ರಿ. ಹೊಸ ಮನಿ, ಲಕ್ಷ್ಮಿ ಒಳಗ ಬರ್ಬೇಕು ನೋಡ್ರಿ."

ಮಧ್ಯಾಹ್ನವೆಲ್ಲ ನೀವು ಫೋನ್ ಬಿಡಲಿಲ್ಲ. ದೊಡ್ಡವಳು ಅದನ್ನು ನನ್ನ ಮೂಗಿಗೇ ಹಿಡಿದಳು.

"ಆಯಿ, ಈ ನವಿಲ ಎಷ್ಟ ಚಂದ ಅದ ನೋಡು! ಇದೇ ಹಾಕ್ತೇವಿ."

"ಮದ್ಲ ಒಂದ ಗೆರಿ ನೆಟ್ಟಗ ಎಳೀರಿ ಬೇ. ಆಮ್ಯಾಲ ನವಿಲ ಕುಣಸ್ರಿ."

ಮಕ್ಕಳಿಗೆ ಪಾದದಷ್ಟು ಸುಲಭದ್ದು ಬೇರೆ ಇಲ್ಲ. ಮುಷ್ಟಿ ಕಟ್ಟಿ, ಕಿರುಬೆರಳಿನ ಬದಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಪಾದ. ಅದರ ಮುಂದೆ ಬೆರಳ ತುದಿಯಿಂದ ಐದು ಬೊಟ್ಟು. ನಾನು ಒಳಗೆ ಮಂಚದ ಮೇಲೆ ಕೂತು ಬಾಯಲ್ಲೇ ಕಲಿಸಿದೆ. ಗೇಟಿನ ಹತ್ತಿರ ಮೊದಲ ಪಾದ ಮೂಡಿತು.

"ಹಸೀದು ತುಳೀಬ್ಯಾಡ್ರಿ, ಹಿಂದ ಸರೀರಿ!" ಎಂದು ನಾನೇ ಕೂಗಿದೆ. ನೀವು ಸರಿದಿರಿ. ಪಟಾಕಿ ಸುಡುವವರನ್ನು ನೋಡುತ್ತ, ಓಣಿಗೆ ಮುಖ ಮಾಡಿಕೊಂಡೇ ಹಿಂದಕ್ಕೆ ಹಿಂದಕ್ಕೆ ಸರಿದು ಹೊಸ್ತಿಲು ಮುಟ್ಟಿದಿರಿ. ಹೇಳಿದ ಮಾತು ಜನ್ಮದಲ್ಲಿ ಕೇಳದವರು ಅವತ್ತೇ ಕೇಳಬೇಕೆ?

ಎದುರು ಮನೆಯ ಹಿರಿಯಾಕೆಯ ದನಿ ಬಂತು. ಇಡೀ ಓಣಿಯಲ್ಲಿ ನಾನು ಅಂಜುವುದು ಆಕೆಯ ಬಾಯಿಗೇ.

"ಯಕ್ಕಾ, ನಿಮ್ಮನಿ ಲಕ್ಷ್ಮಿ ಗಂಟುಮೂಟಿ ಕಟ್ಕೊಂಡು ಎಲ್ಲಿಗಿ ಹೊಂಟಾಳ್ರಿ? ಬಸ್ ಸ್ಟ್ಯಾಂಡಿಗೇನು?"

ಹೊರಗೆ ಬಂದು ನೋಡಿದೆ. ಅಂಗಳದ ಶಹಾಬಾದಿ ಫರಸಿಕಲ್ಲಿನ ಮೇಲೆ ಹನ್ನೆರಡು ಪಾದ. ಹನ್ನೆರಡರ ಬೊಟ್ಟೂ ಓಣಿಯ ಕಡೆಗೆ.

ಸಣ್ಣವಳು ಆಗಲೇ ಅಳುತ್ತಿದ್ದಳು. "ಕಸಬರಿಗಿ ತರ್ಲೇನ್ ಆಯಿ?"

"ದೀಪ ಹಚ್ಚೋ ಹೊತ್ತಿನ್ಯಾಗ ಕಸಬರಿಗಿ ಮುಟ್ತಾರೇನ ಬೇ! ಅರಿಬಿ ತಗೊಂಡು ಒರಸ್ತೇನಿ ಅಂದ್ರ ಯಾರ ಪಾದ ಒರಸ್ತಿ?"

"ಹಿಮ್ಮಡಕ್ಕೂ ಐದೈದು ಬೊಟ್ಟು ಇಟ್ರ?" ಎಂದಳು ದೊಡ್ಡವಳು.

"ಹಂಗಾರ ಆಕಿ ಹೋಗೂದೂ ಇಲ್ಲ, ಬರೂದೂ ಇಲ್ಲ. ಫರಸಿ ಮ್ಯಾಲೇ ನಿಂತಬಿಡ್ತಾಳ."

ನಿಮ್ಮ ಅವ್ವನ ಬಸ್ಸು ಬರುವ ಹೊತ್ತಾಗಿತ್ತು. ಬಯ್ಯುತ್ತ ಬಯ್ಯುತ್ತ ಆ ಬೊಟ್ಟುಗಳನ್ನೇ ನೋಡುತ್ತಿದ್ದೆ. ಬೀಸಣಿಗೆಯಂತೆ ಹರಡಿದ ಐದು ಬೊಟ್ಟು, ಮಧ್ಯಾಹ್ನ ಮೂಗಿಗೆ ಹಿಡಿದ ನವಿಲಿನ ಗರಿಯಂತೆಯೇ ಕಂಡವು. ಹಿಮ್ಮಡಕ್ಕೆ ಒಂದು ಕುತ್ತಿಗೆ, ಒಂದು ಚುಂಚು ಇಟ್ಟರೆ ಸಾಕು. ಗರಿ ಓಣಿಗೆ, ತಲೆ ಮನೆಗೆ. ನವಿಲು ಒಳಗೆ ಬರುತ್ತದೆ.

ದೊಡ್ಡವಳಿಗೆ ಹೇಳಿದೆ. ಅವಳು ಎಳೆದ ಕುತ್ತಿಗೆ ಸಾರಿನ ಸೌಟಿನಂತಾಯಿತು. ಇನ್ನೊಂದನ್ನು ಸಣ್ಣವಳು ಎಳೆದಳು, ನಾಗಪ್ಪ ಹೆಡೆಯೆತ್ತಿದ.

"ಎತ್ತ ಬಾಗಸ್ಬೇಕು ಆಯಿ? ಬಾಯಿಲೇ ಹೇಳಿದ್ರ ಹ್ಯಾಂಗ ತಿಳೀತದ?"

ಎದುರಿನಾಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ಇದ್ದಳು. ನನ್ನ ಕಿವಿ ಬಿಸಿಯಾದವು. ಈಗ ನಿಮ್ಮ ಅವ್ವ ಗೇಟಿಗೆ ಬಂದು ಈ ಸೌಟು, ಈ ಹಾವು, ಈ ಹೊರಟ ಪಾದ ನೋಡಬೇಕೆ? ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತೆ. ಹಿಟ್ಟಿನ ನೀರಿಗೆ ಬೆರಳು ಅದ್ದಿದೆ. ಮೊದಲ ನವಿಲಿನ ಗಂಟಲು ಊದಿಕೊಂಡಂತಾಯಿತು. ಮೂರನೆಯದಕ್ಕೆ ಬೆರಳಿಗೆ ದಾರಿ ಸಿಕ್ಕಿತು. ಸೌಟನ್ನೂ ಹಾವನ್ನೂ ತಿದ್ದಿದೆ. ಹನ್ನೆರಡು ಮುಗಿಯುವ ಹೊತ್ತಿಗೆ ಮೊಣಕಾಲು ಸೆಟೆದಿದ್ದವು.

ಎದುರಿನಾಕೆ ಗೇಟಿನವರೆಗೆ ಬಂದು ಬಗ್ಗಿ ನೋಡಿದಳು. ಬಂತು ಮಾತು ಎಂದು ತಲೆ ತಗ್ಗಿಸಿದೆ.

"ಇಷ್ಟು ಕೈ ಇಟ್ಕೊಂಡು ಮದ್ಲೇ ಹಾಕ್ಬಾರ್ದೇನ್ರಿ ಯಕ್ಕಾ? ಹುಡುಗೀರ್ನ ಅಳಸ್ಕೋತ ಒಳಗ ಕುಂತಿದ್ರಿ! ನಾಳಿ ಪಾಡ್ಯಕ್ಕ ನಮ್ಮ ಮನಿ ಮುಂದ ಬಂದು ನಾಕ ಗೆರಿ ಎಳೀರಿ."

ಒಂಬತ್ತು ವರ್ಷ ನಾನು ಅಂಜಿದ್ದು ಇಂಥ ಬಾಯಿಗೆ! ಆಕೆಯ ಮೇಲೆ ಸಿಟ್ಟು ಬಂತೋ, ನನ್ನ ಮೇಲೋ, ತಿಳಿಯಲಿಲ್ಲ. "ಆತ್ರಿ" ಎಂದಷ್ಟೇ ಅಂದೆ.

ನಿಮ್ಮ ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನಲ್ಲೇ ನಿಂತಳು, ಕಾಲಿಡಲು ಜಾಗವಿರಲಿಲ್ಲ. "ಪಾದ ಎಲ್ಲಿ ಅತ್ತಿ?" ಎಂದಳು. ಹಿಟ್ಟು ಮೆತ್ತಿದ ನನ್ನ ಬೆರಳು ನೋಡಿ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹೊಸ್ತಿಲ ಬಳಿ ಒಂದು ಜೊತೆ ಪಾದಕ್ಕೆ ಜಾಗ ಉಳಿದಿತ್ತು. ಅಲ್ಲಿ ನೀವಿಬ್ಬರೂ ಒಂದೊಂದು ಮುಷ್ಟಿ ಒತ್ತಿದಿರಿ. ಬೊಟ್ಟು ನಾನಿಟ್ಟೆ, ಒಳಮುಖವಾಗಿ.

ಅದಕ್ಕೇ ಹೇಳುತ್ತೇನೆ, ಪಾದ ಹಾಕುವಾಗ ಹೊರಗೆ ಕೂರಿ, ಮನೆಗೆ ಮುಖ ಮಾಡಿ. ಓಣಿಗೆ ಬೆನ್ನು ಕೊಡಿ. ಹಸಿ ಪಾದ ತುಳಿಯದಂತೆ ಹೊಸ್ತಿಲಿಂದ ಶುರುಮಾಡಿ ಗೇಟಿನ ಕಡೆ ಹಿಂದೆ ಸರಿಯಿರಿ. ಇಷ್ಟು ಸಣ್ಣ ಮಾತನ್ನು ನಾನು ಅವತ್ತೇ ಮಂಚ ಬಿಟ್ಟೆದ್ದು ಬಂದು ಹೇಳಿದ್ದರೆ ನನ್ನ ಮೊಣಕಾಲಾದರೂ ಉಳಿಯುತ್ತಿದ್ದವು.