ಎಳ್ಳಿಲ್ಲದ ಬೆಂಚು

ತಫೀಲಾದ ಹೆಣ್ಣುಮಕ್ಕಳ ಶಾಲೆಯ ಗೇಟು ತೆರೆಯುವುದು ಏಳಕ್ಕೆ. ರಸ್ಮಿಯಾ ಒಳಗೆ ಬರುವುದು ಐದಕ್ಕೆ. ಬೆಟ್ಟದ ಗಾಳಿಗೆ ನಲ್ಲಿಯ ನೀರು ಕೈ ಕೊರೆಯುತ್ತಿದೆ. ಒಂದು ಬಕೆಟ್ ಸೋಪಿನ ನೀರು, ಇನ್ನೊಂದು ಬರೀ ನೀರು. ಎರಡನೇ ತರಗತಿಯ ಮೊದಲ ಬೆಂಚಿನ ಮುಂದೆ ಮಂಡಿಯೂರಿ, ಮರದ ಸೀಳುಗಳಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸುತ್ತಾರೆ. "ಬರೀ ಬಟ್ಟೇಲಿ ಒರೆಸಿದ್ರೆ ಎಳ್ಳು ಈ ಕಡೆಯಿಂದ ಆ ಕಡೆ ಹೋಗುತ್ತೆ, ಅಷ್ಟೆ. ಸೋಪಲ್ಲೇ ತೊಳೀಬೇಕು," ಎನ್ನುತ್ತಾರೆ ತಲೆ ಎತ್ತದೆ, ಅವರ ಕಥೆ ಬರೆದುಕೊಳ್ಳಲು ಬಂದಿರುವ ನನಗೆ.

ದಿನಕ್ಕೆ ಒಂಬತ್ತು ಕೋಣೆ, ನೂರಾ ನಲವತ್ತು ಬೆಂಚು, ಆರು ಕಕ್ಕಸು. ಉಳಿದ ಕೋಣೆಗಳಿಗೆ ಒಂದು ಸಲ, ಈ ಕೋಣೆಗೆ ಮೂರು ಸಲ. ಇಲ್ಲಿ ಕೂರುವ ಏಳು ವರ್ಷದ ಜುಮಾನ ಅವರ ಒಬ್ಬಳೇ ಮಗಳು. ಎಳ್ಳು ಮೈಗೆ ತಾಗಿದರೆ ಅವಳಿಗೆ ದದ್ದು, ಬಾಯಿಗೆ ಹೋದರೆ ಉಸಿರೇ ಕಟ್ಟುತ್ತದೆ. ಹಾಲು, ಮೊಟ್ಟೆ, ಕಡಲೆಯ ಮೇಲೂ ಅನುಮಾನ. ನಮ್ಮೂರಲ್ಲಿ ಎಳ್ಳಿಲ್ಲದ ಬೆಳಗು ಯಾವುದಿದೆ? ಪ್ರತಿ ಮಗುವಿನ ಚೀಲದಲ್ಲೂ ಎಣ್ಣೆ ಸವರಿ ಝಾತರ್ ಪುಡಿ ಉದುರಿಸಿದ ರೊಟ್ಟಿ. ಆ ಪುಡಿಯಲ್ಲಿ ಅರ್ಧ ಎಳ್ಳೇ. ಹೋದ ವರ್ಷ ಪಕ್ಕದಲ್ಲಿ ಕೂರುವ ಹುಡುಗಿ ರೊಟ್ಟಿ ತಿಂದ ಕೈಯಲ್ಲೇ ಜುಮಾನಳ ಕೈ ಹಿಡಿದು ಆಡಿದಳು. ಅದೇ ಕೈಯಲ್ಲಿ ಬಾಯಿ ಒರೆಸಿಕೊಂಡ ಜುಮಾನ ಅಂಗಳದಲ್ಲೇ ಕುಸಿದಳು. ಮರುವಾರ ರಸ್ಮಿಯಾ ಹೊಲಿಗೆ ಬಿಟ್ಟು ಇಲ್ಲಿ ಪೊರಕೆ ಹಿಡಿದರು. ಗಂಡ ಅಕಬಾ ಬಂದರಿನ ಲಾರಿ ಓಡಿಸುತ್ತಾರೆ, ಮನೆಗೆ ಬರುವುದು ತಿಂಗಳಿಗೊಮ್ಮೆ.

ಊರಿನ ಡಾಕ್ಟರು ಮೂರು ವರ್ಷ ಉಬ್ಬಸ ಎನ್ನುತ್ತಲೇ ಕಳೆದರು. ಅತ್ತೆ ದೃಷ್ಟಿ ತಾಗಿದೆ ಎಂದು ನೀಲಿ ಮಣಿ ಕಟ್ಟಿದರು. ಈ ಕಾಯಿಲೆ ಬಲ್ಲ ಡಾಕ್ಟರು ಇರುವುದು ಮೂರು ಗಂಟೆ ದೂರದ ಅಮ್ಮಾನಿನಲ್ಲಿ, ನೋಡುವುದು ವಾರಕ್ಕೆ ಒಂದೇ ದಿನ. ಸರದಿ ಬರಲು ಐದು ತಿಂಗಳು. ಅವರ ಕಾಗದವಿಲ್ಲದೆ ಗತಿಯಿಲ್ಲ. ಮಗು ಏನು ತಿನ್ನಬಹುದು, ಏನಾದರೂ ಆದರೆ ಏನು ಮಾಡಬೇಕು ಎಂದು ತಜ್ಞರು ಬರೆದುಕೊಡದಿದ್ದರೆ ಮುಂದಿನ ವರ್ಷ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟಿದ್ದಾರೆ.

ಚಳಿಗಾಲದಲ್ಲಿ ಒಮ್ಮೆ ಸರದಿ ಬಂದಿತ್ತು. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೆ ಮುಂಚೆ ಒಂದು ವಾರ ಅಲರ್ಜಿಯ ಮದ್ದು ಕೊಡುವಂತಿಲ್ಲ. ಆರು ದಿನ ಮಗು ಮೈ ಕೆರೆದುಕೊಂಡು ಅತ್ತಿತು, ತಾಯಿ ಕಲ್ಲಾಗಿ ಕೂತರು. ಆರನೆಯ ದಿನ ಪಕ್ಕದ ಮನೆಯ ಉಮ್ ನಾಯೆಫ್ ತಟ್ಟೆ ಹಿಡಿದು ಬಂದರು. ರಸ್ಮಿಯಾ ಹಿಂದಿನ ವಾರ ಆಲಿವ್ ಉಪ್ಪಿನಕಾಯಿ ಹಾಕಿ ಕಳಿಸಿದ್ದ ತಟ್ಟೆ. ನಮ್ಮೂರಿನ ಓಣಿಗಳಲ್ಲಿ ಬಂದ ತಟ್ಟೆ ಖಾಲಿ ಮರಳುವುದಿಲ್ಲ, ಮರಳಿದರೆ ಕೆನ್ನೆಗೆ ಬಾರಿಸಿದ ಹಾಗೆ. ಈ ಸಲ ಅದರಲ್ಲಿ ಮಸೂರ ಬೇಳೆಯ ಅನ್ನ.

"ಪಾತ್ರೆ ಮೂರು ಸಲ ತೊಳೆದಿದೀನಿ ಕಣೇ. ಎಳ್ಳಿನ ಡಬ್ಬಾನೇ ಮನೆಯಿಂದ ಆಚೆ ಇಟ್ಟಿದೀನಿ. ನನ್ನ ಕೈ ಅನ್ನ ಒಂದು ದಿನಾನಾದ್ರೂ ತಿನ್ಲಿ ಮಗು," ಎಂದರಂತೆ.

ಹೇಳಿದ್ದೆಲ್ಲ ನಿಜವೇ. ಆದರೆ ಅನ್ನ ಕಲಕಿದ ಮರದ ಸೌಟು ಹಿಂದಿನ ದಿನ ತಹಿನಿ, ಅಂದರೆ ಅರೆದ ಎಳ್ಳು, ಕಲಕಿದ್ದು. ಮೂರನೇ ತುತ್ತಿಗೆ ಜುಮಾನಳ ತುಟಿ ಊದಿತು, ಆಮೇಲೆ ದನಿ ನಿಂತಿತು. ಉಸಿರು ಕಟ್ಟಿದಾಗ ಕೊಡಲೆಂದು ಸದಾ ಜೊತೆಗಿಡುವ ಮದ್ದಿನ ಸೂಜಿಯನ್ನು ರಸ್ಮಿಯಾ ಮಗುವಿನ ತೊಡೆಗೆ ಚುಚ್ಚಿದರು. ಪರೀಕ್ಷೆಗೆ ಮುಂಚೆ ಕೊಡಬಾರದಿದ್ದ ಮದ್ದನ್ನೆಲ್ಲ ಆಸ್ಪತ್ರೆಯಲ್ಲಿ ಕೊಟ್ಟರು. ಕೊಡದಿದ್ದರೆ ಮಗು ಉಳಿಯುತ್ತಿರಲಿಲ್ಲ.

ಆದರೂ ತಾಯಿ ಮಗಳು ಅಮ್ಮಾನಿಗೆ ಹೋದರು. "ಮೈಯಲ್ಲಿ ಮದ್ದಿದೆ, ಈಗ ಚುಚ್ಚಿದ್ರೆ ಚರ್ಮ ಸುಳ್ಳು ಹೇಳುತ್ತಮ್ಮ. ಮತ್ತೆ ಸರದಿ ತಗೊಳ್ಳಿ," ಎಂದರು ಡಾಕ್ಟರು. ಮತ್ತೆ ಅಂದರೆ ಮತ್ತೆ ಐದು ತಿಂಗಳು.

ಉಮ್ ನಾಯೆಫ್ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳುತ್ತೇನೆ. ಬ್ರಷ್ ನಿಲ್ಲುತ್ತದೆ.

"ಬಂತು. ಆದ್ರೆ ಆಂಬುಲೆನ್ಸ್ ಬರೋ ತನಕ ಮಗು ಕಾಲು ಎತ್ತಿ ಹಿಡಿದಿದ್ದವರೂ ಅವರೇ. ಸೌಟನ್ನ ಒಲೆಗೆ ಹಾಕಿದ್ರಂತೆ. ಈಗ ನನ್ನ ಕಂಡ್ರೆ ದಾರಿ ಬದಲಾಯಿಸ್ತಾರೆ. ನಮ್ಮನೆಗೆ ಯಾರೂ ತಟ್ಟೆ ಕಳಿಸಲ್ಲ. ಒಳ್ಳೇದೇ ಆಯ್ತು ಅಂತ ಎಲ್ರ ಹತ್ರ ಹೇಳ್ತೀನಿ. ಸುಳ್ಳು."

ಹೊಸ ಸರದಿ ಬರುವ ಭಾನುವಾರ. ಮದ್ದು ನಿಲ್ಲಿಸಿ ಇವತ್ತಿಗೆ ಮೂರು ದಿನ. ತಾಯಿಯ ಜೊತೆಗೇ ಬಂದ ಜುಮಾನ ತರಗತಿಯ ಹೊಸ್ತಿಲ ಮೇಲೆ ಕೂತು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದಾಳೆ. ಕುತ್ತಿಗೆ ಕೆಂಪಾಗಿದೆ, ಕೆರೆದುಕೊಳ್ಳುತ್ತಿಲ್ಲ. ನೋಡಲು ನನಗೇ ಆಗುತ್ತಿಲ್ಲ.

"ವಾಸಿಯಾಗ್ಲಿ ಅಂತ ಕೇಳೋಷ್ಟು ದುರಾಸೆ ಇಲ್ಲ ನಂಗೆ," ಎನ್ನುತ್ತಾರೆ ರಸ್ಮಿಯಾ. "ಆ ಕಾಗದ ಸಿಕ್ಕಿ, ಅವಳು ಶಾಲೇಲಿ ಉಳಿದ್ರೆ ಸಾಕು. ಆದ್ರೆ ನಾನಿಲ್ಲದಾಗ ಚುಚ್ಚೋರು ಯಾರು ಅಂತಾರೆ ಮುಖ್ಯೋಪಾಧ್ಯಾಯಿನಿ. ಎಂಟು ಜನ ಟೀಚರಿಗೆ ಹೇಳಿಕೊಟ್ಟೆ. ಎಲ್ರೂ ಸೂಜೀನ ವಾಪಸ್ ನನ್ನ ಕೈಗೇ ಇಟ್ರು. ಕೊನೆಗೆ ಇವಳಿಗೇ ಕಲಿಸಿದೆ."

ಜುಮಾನ ಆಲೂಗಡ್ಡೆ ಕೆಳಗಿಟ್ಟು ತೊಡೆಯ ಮೇಲೆ ಜಾಗ ತೋರಿಸುತ್ತಾಳೆ.

"ಇಲ್ಲಿ. ಒತ್ತಿ ಹಿಡಿದು ಹತ್ತು ಎಣಿಸ್ಬೇಕು. ನಂಗೆ ನೂರರ ತನಕ ಬರುತ್ತೆ."