ಒಂದಂಕದ ಹಾರ್ನು
ನಮ್ಮ ಬುಲ್ಲಾರಾ ಕ್ಲಬ್ಬಿನ ಫುಟ್‌ಬಾಲ್ ಮೈದಾನದ ಬೇಲಿಗೆ ಎನಿಡಜ್ಜಿಯ ಹಸಿರು ವ್ಯಾನು ಮೂತಿ ಹಚ್ಚಿ ನಿಲ್ಲದಿದ್ದರೆ ಆಟ ಶುರುವಾಗಿಲ್ಲವೆಂದೇ ಲೆಕ್ಕ. ನಮ್ಮ ಕಡೆಯ ಈ ಆಟದಲ್ಲಿ ಒಂದೊಂದು ತುದಿಗೂ ನಾಲ್ಕು ಕಂಬ; ಚೆಂಡು ನಡುಗಂಬಗಳೆರಡರ ಮಧ್ಯೆ ಹೋದರೆ ಆರಂಕ, ಆಗ ಬೇಲಿಯ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಹೊಡೆಯುತ್ತವೆ. ಗುರಿ ತಪ್ಪಿ ಪಕ್ಕದ ಕಂಬದ ಸಂದಿಗೆ ಹೋದರೆ ಒಂದೇ ಅಂಕ, ಅದಕ್ಕೆ ಹಾರ್ನ್ ಹೊಡೆಯುವವಳು ಇವಳೊಬ್ಬಳೇ. "ಅಜ್ಜೀ, ಅದು ತಪ್ಪಿದ್ದು!" ಎಂದು ಪಕ್ಕದ ಕಾರಿನವರು ಕಿಚಾಯಿಸಿದರೆ, "ತಪ್ಪಿದ್ದಕ್ಕೂ ಅಂಕ ಕೊಡ್ತಾರಲ್ಲ, ನಿಮಗ್ಯಾಕ್ರೋ ಹೊಟ್ಟೆಉರಿ?" ಎಂದು ಬಾಯಲ್ಲಿ ಮಾಂಸದ ಪೈ ತುಂಡು ಇಟ್ಟುಕೊಂಡೇ ಇನ್ನೊಮ್ಮೆ ಒತ್ತುತ್ತಾಳೆ. ಆಡುವವರಿಲ್ಲ, ಪಕ್ಕದೂರಿನ ಕ್ಲಬ್ಬಿಗೆ ಸೇರಿಬಿಡಿ ಎಂದು ಬುದ್ಧಿ ಹೇಳಲು ಬಂದ ಲೀಗಿನವರ ಭಾಷಣವನ್ನೂ ಅವಳು ಹಾರ್ನಿನಲ್ಲೇ ಮುಳುಗಿಸಿದಳು. ಪಕ್ಕದ ಸೀಟಿನಲ್ಲಿ ಗಂಡ ಕ್ಲೆಮ್ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಕೂತಿರುತ್ತಾನೆ. ಪ್ರಾಯದಲ್ಲಿ ಅವನ ಕೊನೆಯ ಒದೆತ ಪಕ್ಕಕ್ಕೆ ಹೋಗಿ, ಸಿಕ್ಕ ಒಂದಂಕ ಸಾಲದೆ ಫೈನಲ್ ಸೋತಾಗ ಊರೆಲ್ಲ ಮುಖ ತಿರುಗಿಸಿತ್ತು. ಒಂದಂಕಕ್ಕೆ ಇವಳು ಮೊದಲು ಹಾರ್ನ್ ಹೊಡೆದದ್ದು ಅಂದೇ. ಈ ವರ್ಷದ ಫೈನಲ್ಲಿನಲ್ಲಿ ಎರಡೂ ತಂಡಗಳ ಅಂಕ ಸಮವಿದ್ದಾಗ ನಮ್ಮವನ ಕೊನೆಯ ಒದೆತವೂ ಪಕ್ಕಕ್ಕೇ ಹೋಯಿತು. ಆ ಒಂದಂಕದಿಂದಲೇ ಕಪ್ ನಮ್ಮದಾಯಿತು. ಊರಿಗೆ ಊರೇ ಹಾರ್ನ್ ಹೊಡೆಯಿತು. ಎನಿಡಜ್ಜಿ ಮಾತ್ರ ಕೈ ಹಿಂದೆಳೆದುಕೊಂಡು, "ಏನ್ರೀ, ಇವತ್ತು ನೀವೇ ಹೊಡೀರಿ" ಎಂದಳು. ಕ್ಲೆಮ್ ಟೋಪಿ ಮೇಲೆತ್ತಿ, ಬಗ್ಗಿ ಹಾರ್ನ್ ಒತ್ತಿದ. ಮೈದಾನ ಖಾಲಿಯಾದರೂ ಕೈ ತೆಗೆಯಲಿಲ್ಲ.