ಪೀಣ್ಯದ ಪಾಸ್ಟರಮ್ಮನ ಕೊನೆಯ ಭಾನುವಾರ

ಬ್ರೆಡ್ಡಿನ ಕಂದು ಅಂಚುಗಳನ್ನು ಕತ್ತರಿಸಿ ಪಕ್ಕಕ್ಕೆ ಇಟ್ಟಾಗಿದೆ. ಇನ್ನು ಬಿಳಿಯ ಭಾಗವನ್ನು ಬೆರಳ ತುದಿಯಷ್ಟು ಸಣ್ಣ ತುಂಡುಗಳನ್ನಾಗಿ ಮಾಡಬೇಕು. ರೆವರೆಂಡ್ ಸುವಾರ್ತಾ ದೇವದಾನ ಚಾಕುವನ್ನು ಒದ್ದೆ ಬಟ್ಟೆಗೆ ಒರೆಸಿಕೊಂಡು ಮತ್ತೆ ಕೂರುತ್ತಾರೆ. ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕಿಟಕಿಯಾಚೆ ಪೀಣ್ಯ ಎರಡನೇ ಹಂತದ ಯಾವುದೋ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ಒಂದೇ ಸಮನೆ ಬೀಳುತ್ತಿದೆ.

"ದೊಡ್ಡ ತುಂಡು ಮಾಡಿದ್ರೆ ಅಗಿಯೋದ್ರಲ್ಲೇ ಹೊತ್ತು ಹೋಗುತ್ತೆ. ನಮ್ಮೋರು ಬಸ್ ಬೇರೆ ಹಿಡೀಬೇಕಲ್ಲ" ಎಂದು ನಗುತ್ತಾರೆ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ತಟ್ಟೆಗೆ ನಲವತ್ತು ತುಂಡು. ಆಮೇಲೆ ಐದೇ ಐದನ್ನು ಬೇರೆಯಾಗಿ ಆರಿಸಿ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹಾಕುತ್ತಾರೆ. ಅವು ಹಾಸಿಗೆ ಹಿಡಿದು ಸಭೆಗೆ ಬರಲಾಗದ ಐವರಿಗೆ. ಡಬ್ಬಿಯ ಪಕ್ಕದಲ್ಲಿ ಇವತ್ತು ಒಂದು ಕಪ್ಪು ಮಾರ್ಕರ್ ಪೆನ್ ಕೂಡ ಇದೆ.

ಏಳು ವರ್ಷದ ಹಿಂದೆ ಈ ಶೀಟಿನ ಸೂರಿನ ಚರ್ಚಿಗೆ, ಈ ಸಭೆಗೆ, ಅವರು ಪಾಲಕಿಯಾಗಿ ಬಂದಾಗ ಆರಾಧನೆ ಇದ್ದದ್ದು ಎಂಟೂವರೆಗೆ ಮಾತ್ರ. ಹಾಜರಿಯಲ್ಲಿ ಪ್ರತಿ ವಾರ ಅವೇ ಹೆಸರುಗಳು ತಪ್ಪುತ್ತಿದ್ದವು. ಮನೆಗಳಿಗೆ ಹೋಗಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮೊದಲನೇ ಶಿಫ್ಟ್ ಪಾಸ್ಟರಮ್ಮ." ಹಾಗೆ ಶುರುವಾದದ್ದು ಐದೂ ಇಪ್ಪತ್ತರ ಈ ಆರಾಧನೆ. ಮೊದಲ ವಾರ ಬಂದವರು ಮೂವರು, ಅವರಲ್ಲಿ ಒಬ್ಬರು ಬಾಗಿಲು ತೆಗೆಯಲು ಬಂದಿದ್ದ ಸಭೆಯ ಕಾವಲುಗಾರ ಮುತ್ತಣ್ಣ. ಈಗ ನಲವತ್ತರ ಹತ್ತಿರ ಬರುತ್ತಾರೆ. ಯೂನಿಫಾರ್ಮಿನಲ್ಲೇ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡೇ. ಟಿಫನ್ ಡಬ್ಬಿಗಳು ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂರುತ್ತವೆ. ನೆರೆಯವರ ನಿದ್ದೆ ಕೆಡಬಾರದೆಂದು ಗಂಟೆ ಬಾರಿಸುವುದಿಲ್ಲ. ಮೂವತ್ತೈದು ನಿಮಿಷಕ್ಕೆ ಎಲ್ಲ ಮುಗಿಯಬೇಕು.

ಇವತ್ತು ಮುಗಿಯಲಿಲ್ಲ. ಬಿಷಪ್ ಕಚೇರಿಯಿಂದ ವರ್ಗಾವಣೆ ಆದೇಶ ಬಂದಿದೆ, ಬುಧವಾರ ಅವರು ಕೆಜಿಎಫ್‌ಗೆ ಹೊರಡಬೇಕು. ಗಾರ್ಮೆಂಟ್ಸ್ ಹುಡುಗಿಯರು ಕೈ ಬಿಡದೆ ನಿಂತಿದ್ದಾರೆ. "ಹೋಗ್ರೇ, ಗೇಟ್ ಹಾಕ್ಬಿಡ್ತಾರೆ!" ಎಂದು ಗದರಿ ಕಳಿಸಬೇಕಾಯಿತು.

ಸುವಾರ್ತಾ ಅವರಿಗೆ ಐವತ್ನಾಲ್ಕು. ಹುಟ್ಟಿದ್ದು ಗುಬ್ಬಿ ಹತ್ತಿರದ ಹಳ್ಳಿಯಲ್ಲಿ. ಮೇಷ್ಟರಾಗಿದ್ದ ಪತಿ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಇದು ಅವರ ನಾಲ್ಕನೇ ಸಭೆ. ಇಲ್ಲಿ ನಲವತ್ಮೂರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದಾರೆ, ಹತ್ತೊಂಬತ್ತು ಜನರನ್ನು ಮಣ್ಣು ಮಾಡಿಸಿದ್ದಾರೆ. ಸಂಜೆ ಮಾತ್ರ ಸಭಾಪಾಲಕರ ಮನೆಯಲ್ಲಿ ಒಬ್ಬರೇ.

"ಎಲ್ರೂ ನಮ್ಮೋರೇ. ಆದ್ರೆ ಯಾರ ಮನೇಲೂ ಕಾಲು ಚಾಚಿ ಕೂರೋ ಹಾಗಿಲ್ಲ. ಒಬ್ರ ಮನೇಲಿ ಎರಡು ಸಲ ಊಟ ಮಾಡಿದ್ರೆ ಇನ್ನೊಬ್ರಿಗೆ ನೋವು. ಅದಕ್ಕೇ ಎಲ್ಲೂ ಮಾಡಲ್ಲ. ಬೆಳಿಗ್ಗೆ ಉಳಿದ ಬ್ರೆಡ್ ಅಂಚು ಇರುತ್ತಲ್ಲ, ಸಂಜೆ ಟೀಗೆ ಅದೇ."

ಮೊದಮೊದಲು ಹೆಂಗಸು ಪಾಲಕಿಯೆಂದರೆ ಮುಖ ತಿರುಗಿಸಿದವರೂ ಇದ್ದರು. ಒಂದು ಸಾವಿನ ಮನೆಯಲ್ಲಿ, "ಹೆಂಗಸು ಮಣ್ಣು ಮಾಡಿಸ್ತಾಳಾ? ಗಂಡಸು ಪಾಸ್ಟರ್ ಬರಲಿ" ಎಂದು ಶವಪೆಟ್ಟಿಗೆಯನ್ನು ಎರಡು ಗಂಟೆ ಕಾಯಿಸಿದರು. ಆಗ ಎದ್ದು ನಿಂತವರು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಅನುಸೂಯಮ್ಮ. "ಹೆರಿಗೆ ಮಾಡಿಸೋಕೆ ಹೆಂಗಸಾಗುತ್ತೆ, ಮಣ್ಣು ಮಾಡಿಸೋಕೆ ಆಗಲ್ವಾ? ನನ್ನ ಮಣ್ಣು ಈ ಯಮ್ಮನೇ ಮಾಡಿಸ್ಬೇಕು, ಎಲ್ರೂ ಕೇಳಿಸ್ಕೊಳ್ಳಿ" ಎಂದುಬಿಟ್ಟರು. ಸುವಾರ್ತಾ ಕೂಡ ಎಲ್ಲರೆದುರೇ ಹೇಳಿದರು, "ಆಯ್ತಮ್ಮ, ನಾನೇ ಮಾಡಿಸ್ತೀನಿ."

"ವರ್ಗ ಆಗೋರು ಅಂಥ ಮಾತು ಕೊಡಬಾರ್ದು. ಖುಷಿಯಲ್ಲಿ ಕೊಟ್ಬಿಟ್ಟೆ" ಎನ್ನುತ್ತಾರೆ ಈಗ.

ಏಕೆಂದರೆ ಬಿಟ್ಟುಬಂದ ಸಭೆಗೆ ಹಳೆಯ ಪಾಲಕರು ಮದುವೆಗೂ ಬರುವುದಿಲ್ಲ, ಮಣ್ಣಿಗೂ ಬರುವುದಿಲ್ಲ. ಇದು ಬರೆದಿಟ್ಟ ಕಾನೂನಲ್ಲ, ನಡೆದುಬಂದ ಪದ್ಧತಿ. ಹಳಬರು ಓಡಾಡುತ್ತಿದ್ದರೆ ಹೊಸಬರನ್ನು ಜನ ತಮ್ಮವರೆಂದು ಕರೆಯುವುದು ಯಾವಾಗ? ಹಾಸಿಗೆ ಹಿಡಿದವರ ಮನೆಗಳಲ್ಲಿ ಪಾಲಕರ ಫೋನ್ ನಂಬರನ್ನು ಮಂಚದ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಏನಾದರೂ ಆದರೆ ಅಕ್ಕಪಕ್ಕದವರು ಮೊದಲು ಕರೆಯುವುದು ಆ ನಂಬರಿಗೆ. ಹೊರಡುವಾಗ ಅದನ್ನು ತಮ್ಮ ಕೈಯಿಂದಲೇ ಹೊಡೆದುಹಾಕಬೇಕೆಂದು ಸುವಾರ್ತಾ ಅವರಿಗೆ ಕಲಿಸಿದ್ದು ಅವರ ಹಿರಿಯ ಪಾಲಕರು. ಮಾರ್ಕರ್ ಅದಕ್ಕೇ.

ಎಂಟೂವರೆಯ ಆರಾಧನೆಯ ನಂತರ ಶಾಲು, ಹಾರ, ಗ್ರೂಪ್ ಫೋಟೊ, ಒಂದು ಗೋಡೆ ಗಡಿಯಾರ. "ನಾಲ್ಕು ಸಭೆ, ನಾಲ್ಕು ಗಡಿಯಾರ. ಒಂದೊಂದು ಒಂದೊಂದು ಟೈಮ್ ತೋರಿಸುತ್ತೆ" ಎಂದು ಎಲ್ಲರನ್ನೂ ನಗಿಸಿ, ಸ್ಕೂಟರಿನಲ್ಲಿ ಡಬ್ಬಿ ಇಟ್ಟುಕೊಂಡು ಹೊರಡುತ್ತಾರೆ. ಮೊದಲ ನಾಲ್ಕು ಮನೆಗಳಲ್ಲೂ ಕ್ರಮ ಒಂದೇ. ರೊಟ್ಟಿ, ದ್ರಾಕ್ಷಾರಸ, ಪ್ರಾರ್ಥನೆ. ಆಮೇಲೆ ತಮ್ಮ ನಂಬರಿನ ಮೇಲೆ ಎರಡು ಗೆರೆ ಎಳೆದು, ಕೆಳಗೆ ಹೊಸ ಪಾಲಕರದನ್ನು ಬರೆಯುತ್ತಾರೆ.

ಐದನೆಯದು ಚೊಕ್ಕಸಂದ್ರದ ಒಂದು ಕೋಣೆ. ಬಾಗಿಲಲ್ಲೇ ಮನೆಯೊಡತಿ ಈಶ್ವರಮ್ಮ. "ಬಂದ್ರಾ ಫಾದರಮ್ಮ, ಬೆಳಗಿಂದ ನಿಮ್ದೇ ಜಪ." ಒಳಗೆ ಸೊಂಟ ಬಿದ್ದು ಎರಡು ವರ್ಷದಿಂದ ಮಲಗಿರುವ ಅನುಸೂಯಮ್ಮ. ಹಿಂದೆಮುಂದೆ ಯಾರೂ ಇಲ್ಲ. ರೊಟ್ಟಿ ನುಂಗಿ, ಬಾಯಿ ಒರೆಸಿಕೊಳ್ಳುವವರೆಗೂ ಸುವಾರ್ತಾ ಮಾತೆತ್ತುವುದಿಲ್ಲ.

"ಅಮ್ಮ, ನನಗೆ ವರ್ಗ ಆಗಿದೆ."

"ಗೊತ್ತು. ಮುತ್ತಣ್ಣ ಆವತ್ತೇ ಹೇಳ್ದ. ನೀವು ಯಾವಾಗ ಬಾಯಿ ಬಿಡ್ತೀರೋ ಅಂತ ಕಾಯ್ತಿದ್ದೆ. ಕೆಜಿಎಫ್ ದೂರ ಅಲ್ವಾ?"

"ಮೂರು ಗಂಟೆ ಆಗುತ್ತೆ."

"ಬಿಸಿಲುಗಾಲದಲ್ಲಿ ಪೆಟ್ಟಿಗೇನ ಅಷ್ಟೊತ್ತು ಯಾರು ಇಟ್ಕೋತಾರೆ ಬಿಡಿ."

"ಹೊಸ ಪಾಸ್ಟರ್ ಒಳ್ಳೇವ್ರು ಅಮ್ಮ. ನನಗಿಂತ ಚೆನ್ನಾಗಿ ಹಾಡ್ತಾರೆ."

"ಕೇಳೋಕೆ ಆಗ ನಾನು ಎದ್ದಿರ್ತೀನಾ?"

ಬಾಗಿಲಲ್ಲಿ ಈಶ್ವರಮ್ಮ ಕಿಸಕ್ಕನೆ ನಗುತ್ತಾರೆ. ಅನುಸೂಯಮ್ಮ ನಗುವುದಿಲ್ಲ. ಕೊಟ್ಟ ಮಾತನ್ನು ನೆನಪಿಸುವುದೂ ಇಲ್ಲ. "ನಂಬರ್ ದೊಡ್ಡದಾಗಿ ಬರೀರಿ, ಈಶ್ವರಮ್ಮಂಗೆ ಕಣ್ಣು ಮಂಜು" ಎಂದಷ್ಟೇ ಹೇಳಿ, ಗೋಡೆಗೆ ಬೆನ್ನು ಮಾಡಿ ಮಗ್ಗುಲಾಗುತ್ತಾರೆ.

ಸುವಾರ್ತಾ ಹೊಸ ನಂಬರನ್ನು ನಿಧಾನವಾಗಿ, ದಪ್ಪಗೆ ಬರೆಯುತ್ತಾರೆ. ಆಮೇಲೆ ಪೆನ್ನು ಮೇಲಿನ ಸಾಲಿಗೆ, ತಮ್ಮದೇ ನಂಬರಿನ ಮೊದಲ ಅಂಕಿಗೆ ಹೋಗಿ ನಿಲ್ಲುತ್ತದೆ. ಹೊರಗೆ ಒಂದು ಟೆಂಪೊ ಹಾದುಹೋಗುವಷ್ಟು ಹೊತ್ತು ನಿಂತಿರುತ್ತದೆ. ಅವರು ಗೆರೆ ಎಳೆಯದೆ ಪೆನ್ನಿನ ಮುಚ್ಚಳ ಹಾಕಿ, ಅನುಸೂಯಮ್ಮನ ಹೊದಿಕೆ ಸರಿಮಾಡಿ ಹೊರಬರುತ್ತಾರೆ.

ಸಭೆಯ ಗೇಟಿನಲ್ಲಿ ಮುತ್ತಣ್ಣ ಕೀಗೊಂಚಲು ಹಿಡಿದು ಕಾಯುತ್ತಿದ್ದಾರೆ.

"ಐದೂ ಮನೆ ಆಯ್ತಾ ಪಾಸ್ಟರಮ್ಮ?"

"ಹೊಸಬರ ನಂಬರು ಐದೂ ಮನೇಲಿ ಬರೆದಿದ್ದೀನಿ ಮುತ್ತಣ್ಣ" ಎನ್ನುತ್ತಾ ಅವರು ಸ್ಕೂಟರಿನಿಂದ ಖಾಲಿ ಡಬ್ಬಿ ಎತ್ತಿಕೊಂಡು, ತೊಳೆದಿಡಲು ಒಳಗೆ ಹೋಗುತ್ತಾರೆ.